ಕೂಸಿನೊಡನೆ ಆಟ: ಮನೆಯಲ್ಲಿರುವುದೇ ಸಾಕು



ಉದ್ಯೋಗವನ್ನರಸಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಿಗೆ ಬಂದು ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಚೊಚ್ಚಲ ಬಾಣಂತನ ಬಹುಮಟ್ಟಿಗೆ ತವರೂರಿನಲ್ಲಿಯೇ ನಡೆಯುತ್ತದೆ. ಮೂರೋ ಐದೋ ತಿಂಗಳ ಕಾಲ ಕೂಸು ಅಜ್ಜಿಯ ಕಾಲ ಮೇಲೆ ಮಲಗಿ ಎರೆಸಿಕೊಳ್ಳುತ್ತ, ಚಿಕ್ಕಮ್ಮ, ಸೋದರಮಾವಂದಿರ ಕೈಯಿಂದ ಕೈಗೆ ದಾಟುತ್ತ, ದಿನವಿಡೀ ಯಾರಾದರೊಬ್ಬರ ಮಾತನ್ನು ಕೇಳುತ್ತ ಬೆಳೆಯುತ್ತದೆ. ಅನಂತರ ಒಂದು ದಿನ ತಾಯಿಯೂ ಮಗುವೂ ರೈಲು ಹತ್ತಿ ನಗರದ ಒಂದು ಕೋಣೆಯ ಮನೆಗೆ ಮರಳುತ್ತಾರೆ. ತಂದೆ ಬೆಳಿಗ್ಗೆ ಹೊರಟರೆ ರಾತ್ರಿ ಬರುವವನು. ಒಲೆ, ನೀರು, ಬಟ್ಟೆಗಳ ನಡುವೆ ತಾಯಿ ಒಬ್ಬಳೇ. ಕೂಸಿಗೆ ಹಾಲಿಗೆ ಕೊರತೆಯಿಲ್ಲ, ಬಟ್ಟೆಗೂ ಇಲ್ಲ. ಕೊರತೆ ಬೀಳುವುದು ಒಡನಾಟಕ್ಕೆ. ಅದನ್ನು ತುಂಬಲೆಂದು ದುಬಾರಿ ಆಟಿಕೆಯನ್ನು ತರುವುದು, ಇಲ್ಲವೆ ಅಳು ನಿಲ್ಲಿಸಲೆಂದು ಕೂಸಿನ ಮುಂದೆ ಮೊಬೈಲನ್ನು ಹಿಡಿಯುವುದು ಇಂದು ರೂಢಿಯಾಗಿಬಿಟ್ಟಿದೆ. ಒಡನಾಟದ ಸ್ಥಾನವನ್ನು ಇವೆರಡೂ ತುಂಬಲಾರವು.

ಕೂಸಿನ ಆಟವನ್ನು ಕೇವಲ ಬಿಡುವಿನ ವಿನೋದವೆಂದು ಬಗೆಯುವವರು ಜಮೈಕಾ ದೇಶದಲ್ಲಿ ನಡೆದ ಒಂದು ಅಧ್ಯಯನವನ್ನು ಗಮನಿಸಬೇಕು. ಆ ದೇಶದ ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಬಡಾವಣೆಗಳಲ್ಲಿ 1986-87ರಲ್ಲಿ ಡಾ. ಸ್ಯಾಲಿ ಗ್ರಾಂಥಮ್ ಮೆಕ್‌ಗ್ರೆಗರ್ ಮತ್ತು ಅವರ ಸಹೋದ್ಯೋಗಿಗಳು ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಆರಿಸಿಕೊಂಡರು. ಮಕ್ಕಳ ವಯಸ್ಸು 9ರಿಂದ 24 ತಿಂಗಳು. ಕೆಲವರಿಗೆ ಪೂರಕ ಆಹಾರ, ಕೆಲವರಿಗೆ ಆಟ, ಕೆಲವರಿಗೆ ಎರಡೂ ದೊರೆತವು. ಉಳಿದವರಿಗೆ ಎರಡೂ ಇರಲಿಲ್ಲ. ಆಟದ ಏರ್ಪಾಡು ಬಹು ಸರಳವಾಗಿತ್ತು. ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಮನೆಗೆ ಬಂದು, ಒಂದು ಗಂಟೆ ಕುಳಿತು, ಕೈಯಾರೆ ಮಾಡಿದ ಆಟಿಕೆಗಳಿಂದ ಮಗುವನ್ನು ಆಡಿಸುವ ಬಗೆಯನ್ನು ತಾಯಿಗೆ ತೋರಿಸಿಕೊಡುತ್ತಿದ್ದಳು. ಇದು ಎರಡು ವರ್ಷ ನಡೆಯಿತು. ಆ ಮಕ್ಕಳು 22 ವರ್ಷದವರಾದಾಗ ಮತ್ತೆ ಹುಡುಕಿ ವಿಚಾರಿಸಲಾಯಿತು. ಆಟ ದೊರೆತಿದ್ದವರ ಗಳಿಕೆ ದೊರೆಯದವರ ಗಳಿಕೆಗಿಂತ ಶೇಕಡಾ 25ರಷ್ಟು ಹೆಚ್ಚಾಗಿತ್ತೆಂದು 2014ರಲ್ಲಿ ಪ್ರಕಟವಾಯಿತು. ಪೂರಕ ಆಹಾರವೊಂದರಿಂದಲೇ ಅಂತಹ ದೀರ್ಘಕಾಲದ ಫಲ ಕಂಡುಬರಲಿಲ್ಲ. ಆಹಾರ ಬೇಡವೆಂದು ಇದರ ಅರ್ಥವಲ್ಲ. ಹೊಟ್ಟೆ ತುಂಬಿದ ಮೇಲೆಯೂ ತುಂಬಬೇಕಾದದ್ದು ಬೇರೊಂದಿದೆ ಎಂದಷ್ಟೇ ಅರ್ಥ. ಇದೇ ವಿಧಾನವನ್ನು ನಮ್ಮ ದೇಶದ ಕಟಕ್ ನಗರದ ಕೊಳೆಗೇರಿಗಳಲ್ಲಿಯೂ ಅನುಸರಿಸಿದಾಗ ಮಕ್ಕಳ ಕಲಿಕೆ ಉತ್ತಮಗೊಂಡಿತು.

ಹುಟ್ಟಿದ ಮೊದಲ ವಾರಗಳಲ್ಲಿ ಕೂಸಿನ ಕಣ್ಣಿಗೆ ನಿಲುಕುವ ದೂರ ಸುಮಾರು ಒಂದು ಗೇಣು. ಹಾಲೂಡುವ ತಾಯಿಯ ಎದೆಯಿಂದ ಅವಳ ಮುಖಕ್ಕೆ ಇರುವ ದೂರವೂ ಹೆಚ್ಚು ಕಡಿಮೆ ಅಷ್ಟೆ. ಆದುದರಿಂದ ಮುಖವೇ ಮೊದಲ ಆಟಿಕೆ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಿಧಾನವಾಗಿ ಮಾತನಾಡಿ, ಅನಂತರ ಸುಮ್ಮನಿದ್ದು ಕಾಯಬೇಕು. ಸ್ವಲ್ಪ ಹೊತ್ತಿಗೆ ಅದು ಕೈಕಾಲು ಬಡಿಯುತ್ತದೆ, ತುಟಿ ಆಡಿಸುತ್ತದೆ, ಎರಡು ತಿಂಗಳಾಗುತ್ತಲೂ ‘ಊ’ ಎನ್ನುತ್ತದೆ. ಅದಕ್ಕೆ ಮರುನುಡಿಯಬೇಕು. ಹೀಗೆ ಒಬ್ಬರಾದ ಮೇಲೆ ಒಬ್ಬರು ಮಾತನಾಡುವ ಕ್ರಮವನ್ನು ಕೂಸು ಮಾತು ಬರುವ ಮೊದಲೇ ಕಲಿಯುತ್ತದೆ. ಅನೇಕರು ಮಾತನಾಡುತ್ತಾರೆ, ಕಾಯುವುದನ್ನು ಮಾತ್ರ ಮರೆಯುತ್ತಾರೆ.

ಎಚ್ಚರವಿದ್ದಾಗ ಕೂಸನ್ನು ಬೋರಲು ಮಲಗಿಸುವುದು ಇನ್ನೊಂದು ಆಟ. ಇನ್ನೂ ತೆವಳದ ಕೂಸಿಗೆ ದಿನಕ್ಕೆ ಒಟ್ಟು 30 ನಿಮಿಷವಾದರೂ, ಬಿಡಿಬಿಡಿಯಾಗಿ, ಈ ಅಭ್ಯಾಸವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಒಂದು ವರ್ಷ ತುಂಬದ ಮಗುವಿಗೆ ದೂರದರ್ಶನ, ಮೊಬೈಲುಗಳ ಪರದೆ ಬೇಡವೇ ಬೇಡವೆಂದೂ ಅದೇ ಸೂಚನೆಯಲ್ಲಿದೆ. ಉತ್ತರ ಕರ್ನಾಟಕದ ಮನೆಗಳಿಂದ ಬಂದ ಕೌದಿಯೊಂದಿದ್ದರೆ ಈ ಆಟಕ್ಕೆ ಅದಕ್ಕಿಂತ ಒಳ್ಳೆಯ ಹಾಸು ಬೇರಿಲ್ಲ: ಒಂದು ತುಂಡು ನುಣುಪು, ಇನ್ನೊಂದು ಒರಟು, ಒಂದು ಕೆಂಪು, ಮತ್ತೊಂದು ಕಪ್ಪು. ಕೂಸು ತಲೆಯೆತ್ತಿ ನೋಡುತ್ತದೆ, ಬೆರಳಿಂದ ಕೆರೆದು ನೋಡುತ್ತದೆ. ನಿದ್ರೆಗೆ ಮಾತ್ರ ಅಂಗಾತವಾಗಿಯೇ ಮಲಗಿಸತಕ್ಕದ್ದು.

ಆರೇಳು ತಿಂಗಳಿಂದ ಮುಂದೆ ಸೆರಗಿನ ಮರೆಯ ಆಟ ಸೊಗಸು. ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡರೆ ಕೂಸು ಗಾಬರಿಯಾಗುತ್ತದೆ. ತೆಗೆದೊಡನೆ ಕೇಕೆ ಹಾಕುತ್ತದೆ. ಕಣ್ಣಿಗೆ ಕಾಣದ ವಸ್ತುವೂ ಇದ್ದೇ ಇರುತ್ತದೆಂಬ ಅರಿವು ಕೂಸಿನಲ್ಲಿ ಮೂಡುವ ಕಾಲವಿದು. ಕೂಸಿನ ಎದುರಿಗೇ ಒಂದು ಚಮಚವನ್ನು ಟವೆಲಿನ ಕೆಳಗೆ ಬಚ್ಚಿಟ್ಟು ನೋಡಬಹುದು. ಐದು ತಿಂಗಳ ಕೂಸು ಅದನ್ನು ಮರೆತು ಬೇರೆಡೆ ನೋಡುತ್ತದೆ. ಎಂಟೊಂಬತ್ತು ತಿಂಗಳದ್ದು ಟವೆಲನ್ನು ಎಳೆದುಹಾಕಿ ಚಮಚ ಹಿಡಿಯುತ್ತದೆ. ತಾಯಿ ಒಳಗೆ ಹೋದರೂ ಮರಳಿ ಬರುತ್ತಾಳೆಂಬ ನಂಬಿಕೆಗೂ ಇದೇ ಬುನಾದಿ.

ಇದೇ ವಯಸ್ಸಿನಲ್ಲಿ ಕೂಸು ಕೊಟ್ಟದ್ದನ್ನೆಲ್ಲ ಕೆಳಗೆ ಎಸೆಯತೊಡಗುತ್ತದೆ. ಹತ್ತು ಸಲ ಎತ್ತಿಕೊಟ್ಟರೆ ಹತ್ತು ಸಲವೂ ಎಸೆದು ಇಣುಕಿ ನೋಡುತ್ತದೆ. ಇದನ್ನು ಹಟವೆಂದು ಗದರಿಸುವ ತಾಯಂದಿರುಂಟು. ಸ್ಟೀಲಿನ ಲೋಟ ಬಿದ್ದರೆ ಒಂದು ಸದ್ದು, ಬಟ್ಟೆಯ ಚೆಂಡು ಬಿದ್ದರೆ ಇನ್ನೊಂದು, ಅಮ್ಮ ಎತ್ತಿಕೊಡುವುದು ಪ್ರತಿ ಸಲವೂ ಖಂಡಿತ ಎಂಬಿಷ್ಟನ್ನು ಕೂಸು ಪರೀಕ್ಷಿಸುತ್ತಿದೆ. ಕೆಳಮನೆಯವರ ನಿದ್ದೆಯ ಹೊತ್ತಿನಲ್ಲಿ ಲೋಟದ ಬದಲು ಚೆಂಡನ್ನು ಕೊಟ್ಟರಾಯಿತು.

ಅಡಿಗೆಮನೆಯಷ್ಟು ದೊಡ್ಡ ಆಟಿಕೆಯಂಗಡಿ ಬೇರೊಂದಿಲ್ಲ. ಒಂದರೊಳಗೊಂದು ಕೂರುವ ಡಬ್ಬಿಗಳು, ಮರದ ಸೌಟು, ತಟ್ಟೆ, ಆಲೂಗಡ್ಡೆ ತುಂಬಿದ ಬುಟ್ಟಿ. ಅಮ್ಮ ಪಲ್ಯ ಹೆಚ್ಚುವಷ್ಟು ಹೊತ್ತು ಹತ್ತು ತಿಂಗಳ ಮಗು, ಒಲೆಯಿಂದಲೂ ಈಳಿಗೆಯಿಂದಲೂ ದೂರ ಕುಳಿತು, ಬುಟ್ಟಿಯಿಂದ ಆಲೂಗಡ್ಡೆ ತೆಗೆದು ಹಾಕುವುದರಲ್ಲಿ ಮೈಮರೆಯುತ್ತದೆ. ಗಟ್ಟಿಯಾದ ಸಣ್ಣ ಬಾಟಲಿಗೆ ಒಂದು ಹಿಡಿ ಕಡಲೆ ಹಾಕಿ, ಮುಚ್ಚಳ ಬಿಗಿದು, ಮೇಲೊಂದು ಬಟ್ಟೆಯ ಚೀಲ ಹೊಲಿದರೆ ಗಿಲಕಿ ಸಿದ್ಧ. ಹೊಲಿಗೆ ಸಡಿಲವಾದ ದಿನವೇ ಅದನ್ನು ಎಸೆಯಬೇಕು. ಬೆಲೆಬಾಳುವ ಆಟಿಕೆಗಿಂತ ಅದು ಬಂದ ರಟ್ಟಿನ ಪೆಟ್ಟಿಗೆಯನ್ನೇ ಮಗು ಮೆಚ್ಚುವುದನ್ನು ಯಾರು ತಾನೆ ಕಂಡಿಲ್ಲ!

ಮಾತಿನ ವಿಷಯದಲ್ಲಿ ಹೊರನಾಡಿನ ಕನ್ನಡಿಗರಿಗೆ ಒಂದು ಸಂದೇಹವುಂಟು. ನೆರೆಯಲ್ಲಿ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿ, ಮನೆಯಲ್ಲಿ ಕನ್ನಡ. ಕೂಸಿಗೆ ಗೊಂದಲವಾದೀತೇ? ಆಗದು. ಎರಡು ಭಾಷೆ ಕೇಳಿ ಬೆಳೆದ ಕೂಸು ಎರಡನ್ನೂ ಕಲಿಯುತ್ತದೆ. ಮೊದಲ ತಿಂಗಳುಗಳಲ್ಲಿ ಯಾವ ಭಾಷೆಯ ಧ್ವನಿಭೇದವನ್ನಾದರೂ ಗುರುತಿಸಬಲ್ಲ ಕಿವಿ, ವರ್ಷ ತುಂಬುವ ವೇಳೆಗೆ ತಾನು ನಿತ್ಯ ಕೇಳುವ ಧ್ವನಿಗಳ ಕಡೆಗೇ ಹೊಂದಿಕೊಳ್ಳುತ್ತದೆ. ಶಿಷ್ಟ ಹಿಂದಿಯಲ್ಲಿ ‘ಳ’ಕಾರವಿಲ್ಲ. ದೆಹಲಿಯ ಕೂಸಿಗೆ ಅದನ್ನು ಕೇಳಿಸಬೇಕಾದವರು ಮನೆಯವರೇ. ಜೋಗುಳ, ಚಪ್ಪಾಳೆಯಾಟ, ಅಂಗೈಯಲ್ಲಿ ಬೆರಳಾಡಿಸುವ ಆಟ ಇವಕ್ಕೆ ಹಾಡುವ ಕಂಠ ಇಂಪಾಗಿರಬೇಕಾಗಿಲ್ಲ. ರಾತ್ರಿ ಬರುವ ತಂದೆಗೂ ಇದರಲ್ಲಿ ಪಾಲಿದೆ, ಕಾಲುಗಂಟೆ ಸಾಕು.

ಕೆಲವು ಎಚ್ಚರಿಕೆಗಳು ಅತ್ಯಗತ್ಯ. ಕೂಸು ಎಲ್ಲವನ್ನೂ ಬಾಯಿಗಿಡುತ್ತದೆ. ಗುಂಡಿ, ನಾಣ್ಯ, ಮಣಿ, ಕಡಲೆಕಾಳು, ಗುಂಡನೆಯ ಸಣ್ಣ ಬ್ಯಾಟರಿ, ಒಡೆದ ಬಲೂನು, ಪ್ಲಾಸ್ಟಿಕ್ ಚೀಲ ಇವು ಕೈಗೆಟುಕಬಾರದು. ನೀರು ತುಂಬಿದ ಬಕೆಟ್ಟಿನ ಬಳಿ ಒಂದು ನಿಮಿಷವೂ ಒಂಟಿಯಾಗಿ ಬಿಡಬಾರದು. ಕೂಸನ್ನು ಜೋರಾಗಿ ಅಲುಗಾಡಿಸುವುದಾಗಲಿ, ಮೇಲಕ್ಕೆ ಎಸೆದು ಹಿಡಿಯುವುದಾಗಲಿ ಆಟವಲ್ಲ. ಅಂಗಡಿಯಿಂದ ಕೊಳ್ಳುವುದಾದರೆ, 2021ರ ಜನವರಿ 1ರಿಂದ ಆಟಿಕೆಗಳಿಗೆ ಕಡ್ಡಾಯವಾಗಿರುವ ಐಎಸ್‌ಐ ಗುರುತನ್ನು ನೋಡಿ ಕೊಳ್ಳಬೇಕು.

ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಆಯಾ ತಿಂಗಳಿಗೆ ತಕ್ಕ ಆಟಗಳನ್ನು ತಿಳಿಸುವ ‘ನವಚೇತನ’ ಎಂಬ ಮಾರ್ಗಸೂಚಿಯನ್ನು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2024ರಲ್ಲಿ ಹೊರತಂದಿದೆ. ಸಮೀಪದ ಅಂಗನವಾಡಿಯಲ್ಲಿ ಈ ಬಗ್ಗೆ ವಿಚಾರಿಸಬಹುದು, ಪರರಾಜ್ಯದವರೆಂದು ಸಂಕೋಚಪಡಬೇಕಾಗಿಲ್ಲ. ಆಟವಾಡುತ್ತಿರುವಾಗಲೇ ತಾಯಿಯ ಕಣ್ಣಿಗೆ ಕೆಲವು ಸಂಗತಿಗಳು ಬೀಳುತ್ತವೆ. ದೊಡ್ಡ ಸದ್ದಿಗೂ ಕೂಸು ಬೆಚ್ಚದಿದ್ದರೆ, ಕಣ್ಣೆದುರಿನ ಮುಖವನ್ನು ಹಿಂಬಾಲಿಸಿ ನೋಡದಿದ್ದರೆ, ನಾಲ್ಕು ತಿಂಗಳು ಕಳೆದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳು ತುಂಬಿದರೂ ಆಸರೆಯಿಲ್ಲದೆ ಕೂರದಿದ್ದರೆ, ತಾನಾಗಿ ಸರಿಹೋದೀತೆಂದು ಕಾಯದೆ ವೈದ್ಯರಿಗೆ ತೋರಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂತಹ ತಪಾಸಣೆಯೂ ಮುಂದಿನ ಚಿಕಿತ್ಸೆಯೂ ಉಚಿತವಾಗಿ ದೊರೆಯುತ್ತವೆ.