ಹುಳವನ್ನು ತಿನ್ನುವ ಹುಳ, ರೈತನನ್ನು ತಿನ್ನುವ ಸಾಲ

(ಪುಟ್ಟೇನಹಳ್ಳಿಯಲ್ಲಿ ತರಕಾರಿ ಬೆಳೆಗಾರರ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ನಾವು ಕೂತಿರೋ ಈ ಪುಟ್ಟೇನಹಳ್ಳಿ ಇವತ್ತು ಬೆಂಗಳೂರಿನ ಜೆ.ಪಿ. ನಗರದೊಳಗೆ ಸೇರಿಹೋಗಿದೆ. ಊರಿನ ಹೆಸರು ಉಳಿದಿದೆ, ಕೆರೆ ಉಳಿದಿದೆ, ಹೊಲ ಹೋಗಿದೆ. ಈ ಸೀಮೆಯಲ್ಲಿ ರಾಗಿ ಬಿತ್ತುವಾಗ ಹಿರಿಯರು ಅಕ್ಕಡಿ ಸಾಲು ಹಾಕುತ್ತಿದ್ದರು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ. ಮನೆಗೆ ಕಾಳಾಯಿತು, ದನಕ್ಕೆ ಮೇವಾಯಿತು ಅಂತ ಮಾತ್ರ ನಾವು ತಿಳಿದಿದ್ದೆವು. ಆ ಸಾಲುಗಳಲ್ಲಿ ಕೂಲಿ ಕೇಳದ ಕಾವಲುಗಾರರೂ ವಾಸವಾಗಿದ್ದರು. ನನ್ನ ಇವತ್ತಿನ ಮಾತು ಅವರ ವಿಚಾರ.

ಅವರೆ ಗಿಡದ ಕುಡಿಗೆ ಕರಿಹೇನು ಹತ್ತೋದನ್ನ ನೀವೆಲ್ಲ ನೋಡಿದ್ದೀರಿ. ಅದೇ ಕುಡಿಯನ್ನ ಇನ್ನೊಂದು ಗಳಿಗೆ ನೋಡಿ. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕಿಯ ಗುಲಗಂಜಿ ಹುಳು ಇರುತ್ತೆ. ಪಕ್ಕದಲ್ಲೇ ಸಣ್ಣ ಮೊಸಳೆಯ ಹಾಗೆ ಕಪ್ಪಗೆ, ಒರಟಾಗಿ ಒಂದು ಹುಳ ಹರಿದಾಡುತ್ತಿರುತ್ತೆ. ಇದ್ಯಾವುದೋ ಹೊಸ ಪೀಡೆ ಅಂತ ನಾವು ಹೊಸಕಿಹಾಕ್ತೀವಿ. ಅದು ಗುಲಗಂಜಿ ಹುಳುವಿನ ಮರಿ! ಬೆಳೆದು ದೊಡ್ಡದಾಗೋದರೊಳಗೆ ನೂರಾರು ಹೇನನ್ನು ತಿಂದುಹಾಕುವ ಮರಿ. ನಮ್ಮ ಆಳನ್ನ ನಾವೇ ಕೊಂದ ಹಾಗಾಯಿತು.

ಈಗ ಲೆಕ್ಕಕ್ಕೆ ಬರೋಣ. ಹೇನು ಕಂಡಕೂಡಲೇ ಅಂಗಡಿಗೆ ಹೋಗ್ತೀವಿ. ವಿಷಕ್ಕೆ ಅಲ್ಲಿ ಔಷಧಿ ಅಂತ ಹೆಸರು. ಕೈಯಲ್ಲಿ ದುಡ್ಡಿಲ್ಲ, ಉದ್ದರಿ ಬರೆಸ್ತೀವಿ. ಹೊಡೆದ ಮಾರನೇ ದಿನ ಹೊಲ ಶುದ್ಧ. ಹೇನೂ ಇಲ್ಲ, ಗುಲಗಂಜಿಯೂ ಇಲ್ಲ, ಜೇಡವೂ ಇಲ್ಲ. ಆದರೆ ಹೇನು ಮೊಟ್ಟೆಯಿಟ್ಟು ಕಾಯೋ ಜಾತಿಯಲ್ಲ. ನಮ್ಮ ಹವೆಯಲ್ಲಿ ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುತ್ತೆ. ಆ ಮರಿ ವಾರ ಹತ್ತು ದಿನದಲ್ಲಿ ತಾನೂ ತಾಯಿಯಾಗುತ್ತೆ. ಗುಲಗಂಜಿ ಮೊಟ್ಟೆಯಿಂದ ಹುಳುವಾಗೋಕೆ ಸುಮಾರು ಮೂರು ವಾರ ಬೇಕು. ಹೀಗಾಗಿ ವಿಷ ಹೊಡೆದ ಹೊಲಕ್ಕೆ ಮೊದಲು ವಾಪಸ್ ಬರೋನು ಶತ್ರು. ಮಿತ್ರ ಬರೋದರೊಳಗೆ ನಾವು ಎರಡನೇ ಸಲ ಹೊಡೆದಿರ್ತೀವಿ. ಉದ್ದರಿ ಪುಸ್ತಕದಲ್ಲಿ ಎರಡನೇ ಸಾಲು ಏರಿರುತ್ತೆ. ಬಡ್ಡಿ ಬೆಳೆಯೋದೂ ಹೇನಿನ ಹಾಗೇ, ಯಾರ ಹಂಗೂ ಇಲ್ಲದೆ.

ಇದು ಬರೀ ನಮ್ಮ ಮಾತಲ್ಲ. ಇಂಡೋನೇಷ್ಯಾದ ಭತ್ತಕ್ಕೆ ಕಂದು ಜಿಗಿಹುಳು ಬಿದ್ದು ದೊಡ್ಡ ನಷ್ಟವಾಯಿತು. ಸರ್ಕಾರವೇ ಸಹಾಯಧನ ಕೊಟ್ಟು ವಿಷ ಹೊಡೆಸಿತ್ತು. ಹೊಡೆದಷ್ಟೂ ಹುಳ ಹೆಚ್ಚಿತು. ಯಾಕಂದರೆ ಅದನ್ನು ತಿನ್ನುವ ಜೇಡ, ತಿಗಣೆಗಳು ಮೊದಲು ಸತ್ತವು. 1986ರಲ್ಲಿ ಅಲ್ಲಿನ ಸರ್ಕಾರ 57 ಬಗೆಯ ಕೀಟನಾಶಕಗಳನ್ನು ಭತ್ತದ ಮೇಲೆ ಹೊಡೆಯಕೂಡದು ಅಂತ ಆಜ್ಞೆ ಮಾಡಿತು. ಮುಂದಿನ ವರ್ಷಗಳಲ್ಲಿ ಸಹಾಯಧನವನ್ನೂ ತೆಗೆಯಿತು. ಭತ್ತ ಕಡಿಮೆಯಾಗಲಿಲ್ಲ.

ನಮ್ಮ ನಾಡಿನದೇ ಉದಾಹರಣೆ ಬೇಕೇ? 2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆ ಕಂಡ ಬಿಳಿ ಉಣ್ಣೆ ಹೇನು ಅದೇ ವರ್ಷ ಉತ್ತರ ಕರ್ನಾಟಕದ ಕಬ್ಬಿಗೂ ಹತ್ತಿತು. ಆಳೆತ್ತರ ಮೀರಿದ ಕಬ್ಬಿನೊಳಗೆ ಪಂಪು ಹೊತ್ತು ನುಗ್ಗೋದು ಹ್ಯಾಗೆ? ಅಲ್ಲಿ ಕೈಹಿಡಿದವು ಎರಡು ಹುಳ. ಒಂದು ಡೈಫಾ ಅನ್ನೋ ಪತಂಗದ ಮರಿ. ಕಂಬಳಿಹುಳುವಿನ ಬಳಗದ್ದಾದರೂ ಎಲೆ ತಿನ್ನದೆ ಹೇನು ತಿನ್ನುತ್ತೆ. ಇನ್ನೊಂದು ಮೈಕ್ರೋಮಸ್ ಅನ್ನೋ ಕಂದು ರೆಕ್ಕೆಯ ಕೀಟ. ಇವನ್ನು ಸಾಕಿ ಹಂಚಿದರು. ಹುಳ ಇದ್ದ ಗರಿಗಳನ್ನೇ ಕಿತ್ತು ಇಲ್ಲದ ಹೊಲಕ್ಕೆ ಒಯ್ದು ಕಟ್ಟಿದರು. ವಿಷ ಹೊಡೆದ ತೋಟದಲ್ಲಿ ಇವು ನಿಲ್ಲಲಿಲ್ಲ, ಬಿಟ್ಟ ತೋಟದಲ್ಲಿ ನಿಂತವು.

ಹಾಗಂತ ಮಿತ್ರಕೀಟ ಅನ್ನೋ ಹೆಸರು ಕೇಳಿ ಮೋಸಹೋಗಬೇಡಿ. ಅವು ಸಾಧುಗಳಲ್ಲ. ಹೇನು ಮುಗಿದರೆ ದೊಡ್ಡ ಗುಲಗಂಜಿ ಮರಿ ಚಿಕ್ಕದನ್ನು ತಿನ್ನುತ್ತೆ; ಮೊದಲು ಒಡೆದ ಮರಿ ಪಕ್ಕದ ಮೊಟ್ಟೆಯನ್ನೇ ತಿನ್ನುತ್ತೆ. ಹೇನುಸಿಂಹ ಅಂತ ಕರೆಯೋ ಕ್ರೈಸೋಪರ್ಲಾದ ತಾಯಿ ಒಂದೊಂದು ಮೊಟ್ಟೆಯನ್ನೂ ಕೂದಲಿನಂಥ ಕಡ್ಡಿಯ ತುದಿಗೆ ಇಡುತ್ತೆ. ಮರಿಗಳು ಒಂದನ್ನೊಂದು ತಿನ್ನುವ ಜಾತಿ. ಪ್ರಯೋಗಾಲಯದಲ್ಲಿ ಅಕ್ಕಿ ಪತಂಗದ ಮೊಟ್ಟೆ ಹಾಕಿ ಸಾಕುವವರು ಒಂದೊಂದು ಮರಿಗೂ ಬೇರೆ ಗೂಡು ಮಾಡಬೇಕು. ಈ ಸಂಗತಿ ಗೊತ್ತಿಲ್ಲದೆ ಡಬ್ಬಿ ತಂದು ನಾಲ್ಕು ದಿನ ಅಟ್ಟದ ಮೇಲಿಟ್ಟರೆ, ಮುಚ್ಚಳ ತೆಗೆದಾಗ ಉಳಿಯೋದು ನಾಲ್ಕಾರು ದಪ್ಪ ಮರಿ! ಹೇನೇ ಇಲ್ಲದ ಹೊಲಕ್ಕೆ ಬಿಟ್ಟರೂ ಅಷ್ಟೇ. ಆದ್ದರಿಂದ ವಿಷದ ಡಬ್ಬಿಯ ಸಾಲ ಬಿಟ್ಟು ಹುಳದ ಡಬ್ಬಿಯ ಸಾಲಕ್ಕೆ ಬೀಳಿ ಅಂತ ನಾನು ಹೇಳೋಕೆ ಬಂದಿಲ್ಲ.

ಹೇಳೋದು ಇಷ್ಟೇ. ಇವು ಇರೋಕೆ ಜಾಗ ಕೊಡಿ. ಬದುವಿನಗುಂಟ ಅಲಸಂದೆ ಹಾಕಿ. ಅದಕ್ಕೆ ಹತ್ತುವ ಹೇನು ಗುಲಗಂಜಿಗೆ ಮೊದಲ ಊಟ. ಹುಚ್ಚೆಳ್ಳು, ಸಾಸಿವೆ ಹೂಬಿಡಲಿ. ಹೇನುಸಿಂಹದ ರೆಕ್ಕೆ ಬಂದ ಹುಳಕ್ಕೆ ಹೂವಿನ ರಸ, ಪರಾಗ ಬೇಕು. ವಿಷ ಕೊಳ್ಳೋ ಮುಂಚೆ ಬೆಳಿಗ್ಗೆ ಇಪ್ಪತ್ತು ಗಿಡದ ಕುಡಿ ತಿರುವಿ ನೋಡಿ. ಹೇನಿನ ಜೊತೆ ಗುಲಗಂಜಿ, ಅದರ ಮರಿ, ಜೇಡ ಕಂಡರೆ ಮೂರು ದಿನ ತಡೆದು ಮತ್ತೆ ನೋಡಿ. ಹೇನು ಇಳಿಯುತ್ತಿದ್ದರೆ ಕೈಕಟ್ಟಿ ಕೂರೋದೇ ಬೇಸಾಯ. ಎಲ್ಲ ಕಾಲಕ್ಕೂ ಇದೇ ಸಾಕು ಅಂತಲೂ ಅಲ್ಲ. ಕಾಯೊಳಗೆ ಹೊಕ್ಕ ಕಾಯಿಕೊರಕ ಗುಲಗಂಜಿಯ ಬಾಯಿಗೆ ಸಿಕ್ಕೋದಿಲ್ಲ; ಅದಕ್ಕೆ ಬೇರೆ ದಾರಿ ನೋಡಲೇಬೇಕು. ಆದರೆ ಹೊಡೆಯಬೇಕೋ ಬೇಡವೋ ಅಂತ ತೀರ್ಮಾನ ಮಾಡೋನು ಹೊಲದವನಾಗಬೇಕು, ಮಾರೋನಾಗಬಾರದು.

ಅವರೆಕಾಯಿಯ ಬೆಲೆ ಮಂಡಿಯಲ್ಲಿ ಬೇರೆಯವರು ಕಟ್ಟುತ್ತಾರೆ. ನ್ಯಾಯವಾದ ಬೆಲೆ ಕೇಳೋದನ್ನ ನಾವು ಬಿಡೋದಿಲ್ಲ. ಆದರೆ ಖರ್ಚಿನ ಒಂದು ಪಾಲು ನಮ್ಮ ಕಣ್ಣಳತೆಯಲ್ಲೇ ಇದೆ. ನಾಳೆ ಹೊಲಕ್ಕೆ ಹೋದಾಗ ಆ ಕರೀ ಮೊಸಳೆಮರಿ ಕಂಡರೆ ಹೊಸಕಬೇಡಿ. ಮನೆಯ ಮಕ್ಕಳನ್ನ ಕರೆದು ತೋರಿಸಿ.