ಬಿಳಿಮೀನಿನ ಸತ್ವ
(ಸಂಘದ ವಾರ್ಷಿಕೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರಿಗೆ ಮೀನಿನ ಗೊಡವೆ ಏಕೆಂದು ತಾವು ಮುಗುಳುನಗುತ್ತಿರುವುದು ವೇದಿಕೆಯಿಂದಲೇ ನಮಗೆ ಕಾಣುತ್ತಿದೆ. ನಮ್ಮ ಮನೆಯ ಅಡುಗೆಯಲ್ಲಿ ಮೀನಿಲ್ಲವೆಂಬುದೂ ಈ ಊರಿನಲ್ಲಿ ಗುಟ್ಟಿನ ಸಂಗತಿಯಲ್ಲ. ಆದರೆ ಇಪ್ಪತ್ತು ವರ್ಷಗಳಿಂದ ಕಡಲತಡಿಯ ಮಕ್ಕಳಿಗೆ ಪಾಠ ಹೇಳುತ್ತ ಬಂದವರು ಆ ಮಕ್ಕಳ ಬುತ್ತಿಯನ್ನು ನೋಡದೆ ಇರುವುದೆಂತು? ನಮ್ಮ ಮಂಗರಸನ 'ಸೂಪಶಾಸ್ತ್ರ' ಶಾಕಾಹಾರದ ಪಾಕಗಳನ್ನಷ್ಟೇ ಹೇಳುತ್ತದೆ, ನಿಜ. ಅದಕ್ಕೂ ಬಹು ಹಿಂದೆ, 12ನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮೀನಿನ ಜಾತಿಗಳನ್ನೂ ಅವುಗಳನ್ನು ಹಿಡಿಯುವ ಬಗೆಯನ್ನೂ ವಿಸ್ತಾರವಾಗಿ ವರ್ಣಿಸಿದ್ದಾನೆ. ಚಕ್ರವರ್ತಿಗಿಲ್ಲದ ಸಂಕೋಚ ಶಾಲೆಯ ಮಾಷ್ಟ್ರಿಗೆ ಏಕೆ?

ಈ ಮಾತಿಗೆ ಕಾರಣವಾದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇವೆ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ನಮ್ಮ ತರಗತಿಯ ಬಾಲಿಕೆಯೊಬ್ಬಳು ಎರಡು ಬಾರಿ ತಲೆ ತಿರುಗಿ ಬಿದ್ದಳು. ಆಕೆಯ ತಾಯಿ ಮೀನು ಮಾರುವವರು. ಮೀನಿನ ಮನೆಯ ಮಗುವಿಗೆ ನಿತ್ರಾಣವೆ ಎಂದು ನಮಗೆ ಸೋಜಿಗವಾಯಿತು. ಕೇಳಿದೆವು. "ಮೀನು ಅಪ್ಪನಿಗೆ, ಅಣ್ಣನಿಗೆ ಮಾಷ್ಟ್ರೇ, ನನಗೆ, ಅಮ್ಮನಿಗೆ ಸಾರು" ಎಂದಳು. ಒಳ್ಳೆಯ ಕಾಣೆ, ಮಾಂಜಿಗಳು ಹೋಟೆಲಿಗೆ ಹೋಗುತ್ತವೆ. ಉಳಿದುದರಲ್ಲಿ ತುಂಡುಗಳು ಗಂಡಸರ ಬಟ್ಟಲಿಗೆ. ಇದು ಆ ಒಂದು ಮನೆಯ ಮಾತಾಗಿದ್ದರೆ ಸಭೆಯಲ್ಲಿ ಎತ್ತುತ್ತಿರಲಿಲ್ಲ. ಬೇರೆ ಮಕ್ಕಳನ್ನು ಕೇಳಿದಾಗಲೂ ಹಲವರಿಂದ ಬಂದ ಉತ್ತರ ಇದೇ.

ಮೀನಿನ ಬಲವಿರುವುದು ತುಂಡಿನಲ್ಲಿ, ಸಾರಿನಲ್ಲಲ್ಲ. ಇಂದಿನ ಮಕ್ಕಳು ಪ್ರೋಟೀನು ಎನ್ನುವುದನ್ನು ನಮ್ಮ ಹಳೆಯ ಪಠ್ಯಗಳು ಸಸಾರಜನಕವೆಂದು ಕರೆದವು. ಸಾರಜನಕದೊಡಗೂಡಿದುದು ಎಂದು ಅರ್ಥ. ನೀರನ್ನು ಬಿಟ್ಟರೆ ಬಿಳಿಮೀನಿನ ಮಾಂಸವೆಲ್ಲ ಬಹುಮಟ್ಟಿಗೆ ಅದೇ. ಪಾಶ್ಚಾತ್ಯರ ಕಾಡ್ ಮೀನನ್ನು ತೆಗೆದುಕೊಳ್ಳಿರಿ: ನೂರು ಗ್ರಾಂ ಹಸಿ ಮಾಂಸದಲ್ಲಿ ಸುಮಾರು 18 ಗ್ರಾಂ ಸಸಾರಜನಕ, ಕೊಬ್ಬು ಒಂದು ಗ್ರಾಮಿಗೂ ಕಡಿಮೆ, ಶಾಖ 80 ಕ್ಯಾಲರಿಯ ಆಸುಪಾಸು. ನಮ್ಮ ಕಾಣೆ, ನಂಗ್, ಕೊಡ್ಡಾಯಿಗಳೂ ಇಂತಹ ಕೊಬ್ಬು ಕಡಿಮೆಯ ಬಿಳಿಮೀನಿನ ಬಳಗದವೇ. ಹನ್ನೆರಡು ವರ್ಷದ ಬಾಲಿಕೆಗೆ ದಿನಕ್ಕೆ ಬೇಕಾದುದು 30ರಿಂದ 35 ಗ್ರಾಂ ಸಸಾರಜನಕ. ನೂರು ಗ್ರಾಂ ಅನ್ನದಲ್ಲಿ ದೊರೆಯುವುದು ಎರಡೂವರೆ ಗ್ರಾಂ ಮಾತ್ರ. ಸಾಲದುದಕ್ಕೆ, ಅನ್ನದ ಸಸಾರಜನಕದಲ್ಲಿ ಲೈಸೀನ್ ಎಂಬ ಅಂಶ ಕೊರತೆಯಾಗಿರುತ್ತದೆ. ಮೀನಿನಲ್ಲಿ ಅದು ಧಾರಾಳ. ಗಂಜಿಯೂಟಕ್ಕೆ ಮೀನನ್ನು ಜೊತೆಮಾಡಿದ ನಮ್ಮ ಹಿರಿಯರು ರಸಾಯನಶಾಸ್ತ್ರ ಓದಿದವರಲ್ಲ, ಆದರೂ ಸರಿಯಾದ ಜೋಡಿಯನ್ನೇ ಕೂಡಿಸಿದರು. (ನಮ್ಮಂಥ ಮನೆಗಳಲ್ಲಿ ಆ ಕೆಲಸವನ್ನು ಬೇಳೆ ಮತ್ತು ಹಾಲು ಮಾಡಬೇಕಾಗಿದೆ.)

ಬಿಳಿಮೀನು ಬೆಳ್ಳಗೇಕೆ? ಕಾಣೆಯೂ ನಂಗೂ ತಳದ ಮರಳಿನಲ್ಲಿ ಹುದುಗಿರುವ ಜೀವಿಗಳು; ಬೇಕಾದಾಗ ಒಮ್ಮೆ ಚಿಮ್ಮಿ ಓಡುವುವೇ ಹೊರತು ಬಂಗುಡೆ, ಬೂತಾಯಿಗಳಂತೆ ಹಗಲಿರುಳು ಈಜುವಂಥವಲ್ಲ. ಎಡೆಬಿಡದೆ ಈಜುವ ಮೀನಿಗೆ ಕೆಂಪು ಮಾಂಸವೂ ಮಾಂಸದೊಳಗೇ ಕೊಬ್ಬಿನ ಬುತ್ತಿಯೂ ಬೇಕು. ಕಾಡ್ ಮೀನು ತನ್ನ ಕೊಬ್ಬನ್ನು ಪಿತ್ತಜನಕಾಂಗದಲ್ಲಿ ಕೂಡಿಡುತ್ತದೆ. ಕಾಡ್ ಲಿವರ್ ಎಣ್ಣೆಯೆಂದು ನಮ್ಮ ತಲೆಮಾರಿನವರು ಮೂಗು ಹಿಡಿದು ಕುಡಿದದ್ದು ಅದನ್ನೇ. ಎರಡನೆಯ ಮಹಾಯುದ್ಧದಲ್ಲಿ ಆ ಎಣ್ಣೆ ಬರುವುದು ನಿಂತಾಗ, ನಮ್ಮ ಕಾಸರಗೋಡೂ ಸೇರಿದ್ದ ಅಂದಿನ ಮದರಾಸು ಪ್ರಾಂತದ ಸರಕಾರ ಕೋಳಿಕ್ಕೋಡಿನಲ್ಲಿ ಶಾರ್ಕ್ ಮೀನಿನ ಎಣ್ಣೆ ತೆಗೆಯಿಸಿತು. ಎ ಮತ್ತು ಡಿ ಜೀವಸತ್ವಗಳಿರುವುದು ಆ ಎಣ್ಣೆಯಲ್ಲಿ. ಬಿಳಿಮಾಂಸದಲ್ಲಿ ಅವು ಅತ್ಯಲ್ಪ.

ಬಿಳಿಮಾಂಸದಲ್ಲಿ ಇರುವುದು ಬೇರೆ. ಸಸ್ಯಗಳಲ್ಲಿ ದೊರೆಯದ ಬಿ-12 ಜೀವಸತ್ವ, ರಂಜಕ, ಸೆಲೆನಿಯಂ, ಕಡಲಮೀನಾದರೆ ಅಯೋಡಿನ್. ಕಬ್ಬಿಣ ಹೆಚ್ಚಿಲ್ಲ, ಆದರೆ ಮೀನಿನೊಡನೆ ಉಂಡ ಸೊಪ್ಪಿನ ಕಬ್ಬಿಣವು ಮೈಗೆ ಹೆಚ್ಚು ಹತ್ತುತ್ತದೆ. ರಕ್ತಹೀನತೆಯ ಹುಡುಗಿಯರುಳ್ಳ ತಾಯಂದಿರು ಹರಿವೆಸೊಪ್ಪಿನ ಪಲ್ಯವನ್ನು ಮೀನಿನ ದಿನವೇ ಮಾಡಿದರೆ ಒಳ್ಳೆಯದು. ಮೀನಿನ ಮಾಂಸದಲ್ಲಿ ಬಿಗಿಯಾದ ನಾರು ಬಹಳ ಕಡಿಮೆ. ಆದುದರಿಂದಲೇ ಬೇಗ ಬೇಯುತ್ತದೆ, ಸುಲಭವಾಗಿ ಅರಗುತ್ತದೆ. ಜ್ವರ ಬಿಟ್ಟವರಿಗೂ ಹಲ್ಲಿಲ್ಲದ ಮುದುಕರಿಗೂ ಮುಳ್ಳು ತೆಗೆದು ಕೊಡಬಹುದು. ಜ್ವರ ಬಿಟ್ಟ ಮೇಲೆಯೂ ವಾರಗಟ್ಟಲೆ ಬರಿಯ ಗಂಜಿಯಲ್ಲೇ ಇಡುವ ವಾಡಿಕೆ ನಮಗೆ ಸರಿತೋರುವುದಿಲ್ಲ.

ಹಾಗೆಂದು ಬಿಳಿಮೀನೇ ಶ್ರೇಷ್ಠ, ಬೂತಾಯಿ ಬಡವರ ಮೀನು ಎಂದು ಯಾರೂ ತಿಳಿಯಬಾರದು. ಹೃದಯಕ್ಕೆ ಹಿತವೆನ್ನುವ ಒಮೆಗಾ-3 ಕೊಬ್ಬು ಬೂತಾಯಿ, ಬಂಗುಡೆಗಳಲ್ಲಿಯೇ ಅಧಿಕ. ಕಾಣೆ ತುಟ್ಟಿಯಾದ ದಿನ ಬೂತಾಯಿ ತಂದವರು ನಷ್ಟಪಟ್ಟವರಲ್ಲ. ಮುಳ್ಳುಸಹಿತ ತಿನ್ನುವ ಕಿರುಮೀನುಗಳಿಂದ ಸುಣ್ಣದ ಅಂಶವೂ ದೊರೆಯುತ್ತದೆ. ದೊಡ್ಡ ಶಾರ್ಕ್ ಮೊದಲಾದವುಗಳಲ್ಲಿ ಪಾದರಸ ಕೂಡಿರುವ ಕಾರಣ ಬಸುರಿಯರಿಗೂ ಎಳೆಯ ಮಕ್ಕಳಿಗೂ ಅವು ಬೇಡ.

ಕೊಬ್ಬಿಲ್ಲದ ಮೀನನ್ನು ತಂದು, ರವೆ ಹಚ್ಚಿ, ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಅದು ಕೊಬ್ಬಿಲ್ಲದ ಮೀನಾಗಿ ಉಳಿಯುವುದೆ? ಬಾಳೆಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಹಳೆಯ ಕ್ರಮವೇ ಮೇಲು. ಮಳೆಗಾಲದಲ್ಲಿ ಟ್ರಾಲ್ ಬೋಟುಗಳಿಗೆ ನಿಷೇಧವಿರುವಾಗ ಒಣಮೀನು ಒದಗುತ್ತದೆ. ಅದರ ಉಪ್ಪು ರಕ್ತದೊತ್ತಡದವರಿಗೆ ಕೇಡು, ನೆನೆಸಿ ನೀರು ಚೆಲ್ಲಿ ಅಡುವುದು ಲೇಸು. 2018ರಲ್ಲಿ ಕೇರಳದ ಆಹಾರ ಸುರಕ್ಷಾ ಇಲಾಖೆಯವರು ಹೊರಗಿನಿಂದ ಬಂದ ಮೀನಿನಲ್ಲಿ ಫಾರ್ಮಲಿನ್ ಕಂಡುಹಿಡಿದುದು ತಮಗೆ ನೆನಪಿರಬಹುದು. ತಾಜಾ ಮೀನಿನ ಕಣ್ಣು ಉಬ್ಬಿ ಹೊಳೆಯುತ್ತದೆ, ಕಿವಿರು ಕೆಂಪಾಗಿರುತ್ತದೆ, ಬೆರಳಿನಿಂದ ಒತ್ತಿದ ಗುಳಿ ಒಡನೆ ತುಂಬಿಕೊಳ್ಳುತ್ತದೆ. ಇದನ್ನು ತಮಗೆ ನಾವು ಕಲಿಸುವುದು ಉದ್ಧಟತನವೇ ಸರಿ. ತಮ್ಮಿಂದ ಕೇಳಿ ಕಲಿತದ್ದನ್ನೇ ಹೇಳುತ್ತಿದ್ದೇವೆ.

ಭಾಷೆಯ ಒಂದು ಮಾತು. ಬೂತಾಯಿ ಇಲ್ಲಿ ಮತ್ತಿಯೂ ಹೌದು, ಬಂಗುಡೆ ಅಯಲವೂ ಹೌದು, ಮಾಂಜಿ ಆವೋಲಿಯೂ ಹೌದು. ತುಳು, ಮಲಯಾಳ ಎರಡರಲ್ಲೂ ಮಕ್ಕಳಿಗೆ ಹೆಸರು ಬರುತ್ತದೆ. ಕನ್ನಡ ಪ್ರಬಂಧ ಬರೆಯಹೇಳಿದರೆ ಎಲ್ಲವೂ ಬರಿಯ 'ಮೀನು' ಆಗಿಬಿಡುತ್ತದೆ. ತಿನ್ನುವ ಪದಾರ್ಥದ ಹೆಸರನ್ನೇ ಬರೆಯಲಾಗದ ಭಾಷೆಯಲ್ಲಿ ಮಗು ತನ್ನ ಮನೆಯ ಮಾತನ್ನು ಹೇಗೆ ಬರೆದೀತು? ಇದಕ್ಕಾಗಿ ನಮ್ಮ ತರಗತಿಯಲ್ಲಿ ಒಂದು ದಪ್ಪ ಪುಸ್ತಕವನ್ನಿಟ್ಟಿದ್ದೇವೆ. ಮಕ್ಕಳು ಮನೆಯಲ್ಲಿ ಕೇಳಿ ಬಂದ ಮೀನಿನ ಹೆಸರು, ಅದು ಸಿಗುವ ತಿಂಗಳು, ತಾಯಿ ಅದನ್ನು ಅಡುವ ಬಗೆ, ಇವನ್ನು ಕನ್ನಡದಲ್ಲಿ ಬರೆಯುತ್ತಾರೆ. ಕೊನೆಯ ಅಂಕಣದಲ್ಲಿ, ತನ್ನ ಪಾಲಿಗೆ ಎಷ್ಟು ತುಂಡು ಬಂತು ಎಂಬುದನ್ನೂ ಬರೆಯಬೇಕು. ಪ್ರಾರ್ಥನೆಯ ಹೊತ್ತಿಗೆ ಬಿದ್ದಿದ್ದ ಆ ಬಾಲಿಕೆ ಕಳೆದ ಸೋಮವಾರ ಬರೆದದ್ದು: "ಕೊಡ್ಡಾಯಿ. ಎರಡು."