ಗೋದಲಿಗೆ ಹಳೆಯ ಗೆಜ್ಜೆಸರ

ಕ್ರಿಸ್‌ಮಸ್ ಬಂತೆಂದರೆ ಪ್ಲಾಸ್ಟಿಕ್ ಗಿಡ, ಮಿನುಗುವ ಕಾಗದ ಕೊಳ್ಳುವುದು ರೂಢಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಕ್ರೈಸ್ತ ಮನೆಗಳಿಗೆ ಅದಕ್ಕಿಂತ ಒಪ್ಪುವ ಅಲಂಕಾರ ಮೋಡಕಾ (ಗುಜರಿ) ಅಂಗಡಿಯಲ್ಲಿದೆ ಎಂಬುದು ನನ್ನ ವಾದ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಗೆಜ್ಜೆಸರ, ಕೊಂಬಿಗೆ ತೊಡಿಸುವ ಹಿತ್ತಾಳೆಯ ಕೋಡಣಸುಗಳು ತೂಕದ ಲೆಕ್ಕದಲ್ಲಿ ಕರಗಲು ಹೋಗುತ್ತಿವೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಸಂತ ಫ್ರಾನ್ಸಿಸ್ ಯೇಸುವಿನ ಜನನದ ನೆನಪಿಗೆ ಗೋದಲಿ ಏರ್ಪಡಿಸಿದಾಗ ಬಳಸಿದ್ದು ಹುಲ್ಲು, ಎತ್ತು, ಕತ್ತೆ; ಅಂದರೆ ಊರಲ್ಲೇ ಇದ್ದದ್ದು. ಹಾಗಿರುವಾಗ ಜೋಳದ ಕಣಕಿಯ ಗೋದಲಿಗೆ ನಮ್ಮ ಎತ್ತಿನ ಗೆಜ್ಜೆ ಕಟ್ಟಿದರೆ, ಹಳೆಯ ಇಳಕಲ್ ಸೀರೆಯ ತುಂಡುಗಳಿಂದ ಹೊಲಿದ ಕೌದಿಯನ್ನು ಅದರಡಿ ಹಾಸಿದರೆ ಪರಕೀಯವಾದದ್ದೇನು?

ಬೇರೆಯವರು ಬಳಸಿದ್ದನ್ನು ಹಬ್ಬಕ್ಕೆ ತರಬಾರದು ಎನ್ನುವವರಿದ್ದಾರೆ. ಆದರೆ ಅಜ್ಜಿಯ ಹಳೆಯ ಸೀರೆಯಿಂದಲೇ ಕೂಸಿಗೆ ಕೌದಿ ಹೊಲಿಯುವ ನಾಡು ಇದು; ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹಿತ್ತಾಳೆಗೆ ಯಾವ ಮೈಲಿಗೆಯೂ ಉಳಿಯದು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಹಳೆಯದು ಫ್ಯಾಶನ್ ಆದರೆ ದಲ್ಲಾಳಿಗಳು ಬಡವರ ಮನೆಯ ವಸ್ತುಗಳನ್ನು ಅಗ್ಗಕ್ಕೆ ಎತ್ತಿಕೊಂಡು ಹೋಗುತ್ತಾರೆ, ಗುಡಿಯ ಸಾಮಾನೂ ಕಳುವಾಗುತ್ತದೆ. ಇದು ನಿಜವಾದ ಭಯ. ಅದಕ್ಕೆಂದೇ ಮೊದಲು ನಿಮ್ಮದೇ ಅಟ್ಟ ಹುಡುಕಿ. ಕೊಳ್ಳುವುದಾದರೆ ಎಲ್ಲಿಯದೆಂದು ಕೇಳಿ, ಲೋಹದ ತೂಕಕ್ಕಲ್ಲ, ಕೆಲಸಕ್ಕೆ ಬೆಲೆ ಕೊಡಿ. ಗುಡಿಯದೆಂಬ ಅನುಮಾನ ಬಂದ ಗಂಟೆಯನ್ನಾಗಲಿ ದೀಪವನ್ನಾಗಲಿ ದಯವಿಟ್ಟು ಕೊಳ್ಳಬೇಡಿ.